ಮರದ ಬಾಗಿಲು ತಟ್ಟುತ್ತಿದ್ದ ಆಂಟಿ

ಆಂಟಿ ಮರವನ್ನು ಮಾತಾಡಿಸುವ ಮೊದಲು ಮೂರು ಸಲ ತಟ್ಟುತ್ತಿದ್ದರು. ಬೆರಳ ಗೆಣ್ಣಿನಿಂದ, ಬಾಗಿಲು ತಟ್ಟಿದ ಹಾಗೆ. ಆಮೇಲೆ ತಮ್ಮ ಪೂರ್ತಿ ಹೆಸರು ಹೇಳಿ, ಎಲ್ಲಿಂದ ಬಂದವರು, ಯಾತಕ್ಕೆ ಬಂದದ್ದು ಎಂದು ತಿಳಿಸಿ, ಹತ್ತಿರ ಬರಬಹುದಾ ಎಂದು ಕೇಳಿ, ಒಂದು ನಿಮಿಷ ಕಾಯುತ್ತಿದ್ದರು. ನಮ್ಮ ಮನೆಗೆ ಬರುವಾಗ ಈ ಯಾವ ಶಿಷ್ಟಾಚಾರವೂ ಇರಲಿಲ್ಲ. ಪಕ್ಕದ ಗೇಟಿನ ಚಿಲಕ ತೆಗೆದು, ಬಟ್ಟೆ ಒಣಹಾಕುವ ಜಾಗ ದಾಟಿ, ಸೀದಾ ಅಡುಗೆಮನೆಗೆ ಬಂದು "ಎಂತ ಅಡಿಗೆ?" ಅನ್ನುತ್ತಿದ್ದರು. ನಾಲ್ಕು ವರ್ಷದಲ್ಲಿ ಅವರು ನಮ್ಮ ಮುಂಬಾಗಿಲು ತಟ್ಟಿದ್ದು ಒಂದೇ ಸಲ.

ಹೋದ ತಿಂಗಳು ಅವರು ತೀರಿಕೊಂಡರು. ನಾವೀಗ ಅಡಿಲೇಡಿನಲ್ಲಿದ್ದೇವೆ. ಮಾಸನ್ ಲೇಕ್ಸ್‌ನಲ್ಲಿ ರೈಲು ಇಳಿಯುವಾಗ ಅವರ ಮಗನ ಮೆಸೇಜ್ ಬಂತು. ಅಮ್ಮ ಹೋದರು, ನಿದ್ದೆಯಲ್ಲೇ. ಶುಕ್ರವಾರ ಪರ್ತ್‌ನಲ್ಲಿ ಅಂತ್ಯಕ್ರಿಯೆ. ಕಿತ್ತ ಹೂವು ತರುವವರನ್ನು ಒಳಗೆ ಬಿಡಬಾರದು ಎಂದು ಬರೆದಿಟ್ಟಿದ್ದಾರೆ. ಮನೆಗೆ ಬಂದು ವೀಣಾಗೆ ಹೇಳಿದೆ. ಅವಳು ಒಲೆ ಆರಿಸಿ ಕುರ್ಚಿಯಲ್ಲಿ ಕೂತಳು. "ಮೇಲೆ ಯಾರ ಕೈಲಿ ಮರ ತಟ್ಟಿಸ್ತಾ ಇದಾರೋ" ಅಂದಳು.

ಪರ್ತ್‌ನ ಸದರ್ನ್ ರಿವರ್‌ನಲ್ಲಿ ನಾವಿದ್ದಾಗ ಆಂಟಿಯದು ಪಕ್ಕದ ಮನೆ. ಆಳು ಹೆಚ್ಚು ಎತ್ತರವಿಲ್ಲ. ಬಿಳಿ ಕ್ಯಾನ್ವಾಸ್ ಶೂ, ಅಗಲದ ಟೋಪಿ, ಎದೆಯ ಮೇಲೆ ಪಿನ್ನಿನಿಂದ ತಲೆಕೆಳಗಾಗಿ ನೇತಾಡುವ ನರ್ಸ್ ವಾಚು. ಮಂಗಳೂರು ಕಡೆಯ ಕೆಥೋಲಿಕರು. ಮಸ್ಕತ್‌ನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದು, ಗಂಡ ಹೋದ ಮೇಲೆ ಮಗನ ಜೊತೆ ಇಲ್ಲಿಗೆ ಬಂದವರು. ಮಗ ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಹಾಗಾಗಿ ಆಂಟಿಯ ಬಳಿ ಮಾತು ಶೇಖರವಾಗಿರುತ್ತಿತ್ತು. ಅದರಲ್ಲಿ ಬಹುಪಾಲು ಮರಗಳಿಗೆ, ಉಳಿದದ್ದು ನಮಗೆ.

ಈ ವಿದ್ಯೆಯನ್ನು ಅವರಿಗೆ ಕಲಿಸಿದ್ದು ಮಸ್ಕತ್ ಆಸ್ಪತ್ರೆಯ ಮೇಟ್ರನ್, ಐರ್ಲೆಂಡಿನಾಕೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೆಯ ಕೆಲ್ಟಿಕ್ ಜನರಿಗೆ ಮರವೆಂದರೆ ಬರೀ ಮರವಲ್ಲವಂತೆ, ಮನೆತನವಿದ್ದ ಹಾಗೆ. ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೊಂದು ಮರ. ಬರ್ಚ್ ಹೊಸದು ಶುರುಮಾಡುವವರಿಗೆ. ಓಕ್ ಎಂದರೆ ಬಾಗಿಲು. ರೋವನ್ ಗೇಟಿನ ಬಳಿ ಇದ್ದರೆ ಕೆಟ್ಟದ್ದು ಒಳಗೆ ಬರುವುದಿಲ್ಲ. ಹೊಲದ ನಡುವೆ ಒಂಟಿಯಾಗಿ ನಿಂತ ಹಾಥಾರ್ನ್ ಮುಳ್ಳಿನ ಮರವನ್ನು ಮುಟ್ಟಿದವನ ಮನೆಯಲ್ಲಿ ದನ ಹಾಲು ಕೊಡುವುದಿಲ್ಲ. ಇದರಲ್ಲಿ ಎಷ್ಟು ಆ ಮೇಟ್ರನ್ನಿನ ಅಜ್ಜಿ ಹೇಳಿದ್ದು, ಎಷ್ಟು ಆಕೆ ಏರ್‌ಪೋರ್ಟಿನಲ್ಲಿ ಕೊಂಡ ಪುಸ್ತಕದ್ದು ಎಂದು ಆಂಟಿಗೂ ಸರಿಯಾಗಿ ಗೊತ್ತಿರಲಿಲ್ಲ.

"ಮಸ್ಕತ್‌ನಲ್ಲಿ ಓಕ್ ಎಲ್ಲಿತ್ತು ಆಂಟಿ?" ಎಂದು ಒಮ್ಮೆ ಕೇಳಿದೆ.

"ಎಲ್ಲಿಂದ ಬರ್ಬೇಕು ಮಾರಾಯ? ಕಂಪೌಂಡಿನಲ್ಲಿ ಒಂದೇ ಒಂದು ಬೇವಿನ ಮರ ಇದ್ದದ್ದು. ಹದಿಮೂರು ಮರದ ಡ್ಯೂಟಿ ಅದೇ ಮಾಡ್ತಿತ್ತು. ಸ್ಟಾಫ್ ಶಾರ್ಟೇಜ್."

ಪರ್ತ್‌ಗೆ ಬಂದ ಮೇಲೆ ಸ್ಟಾಫ್ ಸಿಕ್ಕಿತು. ಕೆರೆಯ ಬದಿಯ ಪೇಪರ್‌ಬಾರ್ಕ್ ಮರದ ತೊಗಟೆ ಬೆಳ್ಳಗೆ ಹಾಳೆ ಹಾಳೆಯಾಗಿ ಏಳುತ್ತದೆ, ಅದು ಬರ್ಚ್‌ನ ರಿಲೀವರ್. ಎಲೆ ಜೋತುಬಿದ್ದ ಪೆಪರ್‌ಮಿಂಟ್ ಮರ ವಿಲ್ಲೋ ಬದಲಿಗೆ. ಶಾಲೆಯ ಹಿಂದಿನ ದೊಡ್ಡ ಮ್ಯಾರಿ ಮರಕ್ಕೆ ಓಕ್‌ನ ಚಾರ್ಜ್. ಪ್ರತಿ ಗುರುವಾರ ಬೆಳಿಗ್ಗೆ ಎರಡು ಲೀಟರಿನ ಹಾಲಿನ ಕ್ಯಾನಿನಲ್ಲಿ ಕುಚ್ಚಲಕ್ಕಿ ಗಂಜಿಯ ತಿಳಿ ತುಂಬಿಕೊಂಡು ಆಂಟಿ ಇವುಗಳನ್ನೆಲ್ಲ ನೋಡಿ ಬರುತ್ತಿದ್ದರು. ಮೇಟ್ರನ್ ಹೇಳಿದ್ದು ಹಾಲು ಮತ್ತು ಜೇನಂತೆ. "ಜೇನು ಹಾಕಿದ್ರೆ ಇರುವೆ ಬರ್ತದೆ. ಗಂಜಿ ಸಾಕು, ಪೇಷಂಟಿಗೆ ಒಳ್ಳೇದು."

ಭಾನುವಾರ ತಪ್ಪದೆ ಪೂಜೆಗೆ ಹೋಗುತ್ತಿದ್ದವರು. ಇಗರ್ಜಿಯ ಪಾದ್ರಿ ಯಾರಿಂದಲೋ ಸುದ್ದಿ ತಿಳಿದು, ನೀವು ಮರವನ್ನು ಆರಾಧಿಸುತ್ತೀರಂತೆ ಹೌದೇ ಎಂದು ಕೇಳಿದರಂತೆ. "ನಾನು ಹೇಳಿದೆ, ಇಲ್ಲ ಫಾದರ್, ವಿಸಿಟಿಂಗ್ ಅವರ್ಸ್‌ನಲ್ಲಿ ನೋಡ್ಲಿಕ್ಕೆ ಹೋಗುದು ಮಾತ್ರ."

ಒಮ್ಮೆ ಕೌನ್ಸಿಲ್‌ನವರು ನಮ್ಮ ಬೀದಿಯ ಮರದ ಕೊಂಬೆ ಕಡಿಯಲು ಬಂದರು. ಗರಗಸ ಶುರುವಾಗುವ ಹೊತ್ತಿಗೆ ಆಂಟಿ ಹೋಗಿ ಅಡ್ಡ ನಿಂತರು. ಪ್ರತಿಭಟನೆ ಎಂದುಕೊಂಡು ನಾನು ಪರದೆಯ ಹಿಂದೆ ನಿಂತು ನೋಡಿದೆ. ಅವರಿಗೆ ಕಡಿಯುವುದರ ಬಗ್ಗೆ ತಕರಾರಿರಲಿಲ್ಲ. ತಟ್ಟಿದಿರಾ ಎಂದು ಕೇಳಿದರು. ಆರಡಿ ಎತ್ತರದ ಗಡ್ಡದ ಆಸಾಮಿ ಹೆಲ್ಮೆಟ್ ತೆಗೆದು ಮೂರು ಸಲ ತಟ್ಟಿ, ತನ್ನ ಹೆಸರು ಹೇಳಿ, ಪೂರ್ತಿ ಒಂದು ನಿಮಿಷ ನಿಂತ. ಆಂಟಿ ವಾಚು ನೋಡಿ ತಲೆಯಾಡಿಸಿದರು. ಅವನು ಕಡಿದ. ಆರು ತಿಂಗಳ ನಂತರ ಬೇರೊಂದು ಬೀದಿಯಲ್ಲಿ, ಆಂಟಿ ಇಲ್ಲದ ಕಡೆ, ಅವನೇ ಹೆಲ್ಮೆಟ್ ತೆಗೆದು ಮರ ತಟ್ಟುವುದನ್ನು ಕಾರಿನಿಂದ ನೋಡಿದೆ.

ಒಂದು ನಿಮಿಷ ಕಾಯುವುದೇನೋ ಸರಿ, ಮರ ಉತ್ತರ ಕೊಟ್ಟಿತೆಂದು ತಿಳಿಯುವುದು ಹೇಗೆ? ನಾನು ಗಣಿ ಯಂತ್ರಗಳ ಸೆನ್ಸರ್‌ಗಳಿಗೆ ಸಾಫ್ಟ್‌ವೇರ್ ಬರೆಯುವವನು. ಸಿಗ್ನಲ್ ಬಂತೋ ಇಲ್ಲವೋ ಎನ್ನುವುದೇ ನನ್ನ ಕಸುಬು. ಕೇಳಿದೆ.

"ನಿಮಿಷ ಮುಗಿದ ಮೇಲೂ ನಿನಗೆ ಹೋಗ್ಬೇಕು ಅಂತ ಅನ್ನಿಸುದಿಲ್ಲ. ಅದೇ ಉತ್ತರ."

"ಅನ್ನಿಸಿದ್ರೆ?"

"ಇವತ್ತು ವಿಸಿಟರ್ಸ್ ಬೇಡ ಅಂತ ಅರ್ಥ. ಹೋಗುದು. ಬೇಜಾರು ಮಾಡ್ಲಿಕ್ಕಿಲ್ಲ."

ಇನ್ನು ನಮ್ಮ ಕಥೆ ಹೇಳದೆ ಆಂಟಿಯ ಕಥೆ ಮುಂದೆ ಹೋಗುವುದಿಲ್ಲ. ಪರ್ತ್‌ಗೆ ಬಂದ ಎರಡನೇ ವರ್ಷ ವೀಣಾಗೆ ಗರ್ಭ ನಿಂತು, ಮೂರನೇ ತಿಂಗಳಲ್ಲಿ ಹೋಯಿತು. ಮೈಸೂರಿನಿಂದ ಅಮ್ಮ ಫೋನಿನಲ್ಲಿ ಅಶ್ವತ್ಥ ಪ್ರದಕ್ಷಿಣೆ ಹೇಳಿದಳು. ದಿನಾ ಬೆಳಿಗ್ಗೆ ಇಪ್ಪತ್ತೊಂದು ಸುತ್ತು. ಅಶ್ವತ್ಥ ಎಲ್ಲಿಂದ ತರುವುದು? ಬೀದಿಯ ಕೊನೆಯ ಪಾರ್ಕಿನಲ್ಲಿ, ಹಿಂದೆ ಅದು ಯಾರದೋ ಕುದುರೆ ಸಾಕುವ ಜಾಗವಾಗಿದ್ದಾಗ ನೆಟ್ಟದ್ದಂತೆ, ಮೋರ್ಟನ್ ಬೇ ಫಿಗ್ ಎಂಬ ಭಾರೀ ಮರವಿತ್ತು. ಅದರ ಎಲೆಯ ಫೋಟೋ ಕಳಿಸಿದೆ. ಅಮ್ಮ ಅದನ್ನು ಜೋಯಿಸರಿಗೆ ತೋರಿಸಿದಳು. ಅವರು ಝೂಮ್ ಮಾಡಿ ನೋಡಿ, "ನಮ್ಮ ಅಶ್ವತ್ಥಕ್ಕೆ ದಾಯಾದಿ ಆಗಬೇಕು, ನಡೆಯತ್ತೆ" ಎಂದರಂತೆ.

ವೀಣಾ ದೊಡ್ಡ ದೈವಭಕ್ತೆಯೇನಲ್ಲ. ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಆದರೂ ದಿನಾ ಹೋದಳು. ಬಲಗೈ ಮರದ ಕಡೆ ಇಟ್ಟುಕೊಂಡು ಇಪ್ಪತ್ತೊಂದು ಸುತ್ತು. ನಾಯಿ ಹಿಡಿದು ಬರುವವರು ಇದು ಯಾವುದೋ ಹೊಸ ವ್ಯಾಯಾಮವೆಂದು ಹುರಿದುಂಬಿಸುತ್ತಿದ್ದರು. ಐದಾರು ತಿಂಗಳಿಗೆ ಹುಲ್ಲು ಸವೆದು ಮರದ ಸುತ್ತ ಒಂದು ದಾರಿ ಬಿತ್ತು. ಮತ್ತೆ ಗರ್ಭ ನಿಂತಿತು. ಅವಳು ಸುತ್ತುವುದನ್ನು ಬಿಡಲಿಲ್ಲ. ಐದನೇ ತಿಂಗಳಲ್ಲಿ ಅದೂ ಹೋಯಿತು. ಅದು ಹೆಣ್ಣುಮಗು. ಆಸ್ಪತ್ರೆಯವರು ಒಂದು ಫಾರಂ ಕೊಟ್ಟರು, ನಾನು ಸಹಿ ಮಾಡಿದೆ. ನಾವು ಮಾಡಿದ ಕರ್ಮ ಅಷ್ಟೇ.

ಆಮೇಲೆ ನಮ್ಮಿಬ್ಬರ ನಡುವೆ ಉಳಿದ ಮಾತೆಂದರೆ ಈ ವಾರ ಯಾವ ಬಣ್ಣದ ಕಸದ ಬಿನ್ ಹೊರಗಿಡಬೇಕು ಎನ್ನುವುದು. ಹಳದಿ ವಾರ ಒಂದು ಮಾತು, ಹಸಿರು ವಾರ ಒಂದು ಮಾತು. ಜಗಳವಾಡಲಿಲ್ಲ. ಜಗಳವಾಡಲು ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತದೆ.

ಇದೆಲ್ಲ ಆಗುವಾಗ ಆಂಟಿ ಊರಲ್ಲಿರಲಿಲ್ಲ. ತಂಗಿಗೆ ಆಪರೇಷನ್ ಎಂದು ಮಂಗಳೂರಿಗೆ ಹೋದವರು ಒಂದು ವರ್ಷ ಕಳೆದು ಬಂದರು. ಬಂದ ಮರುದಿನವೇ ಮರಗಳನ್ನೆಲ್ಲ ನೋಡಿ, ಎಂದಿನ ಹಾಗೆ ಪಕ್ಕದ ಗೇಟಿನಿಂದ ನಮ್ಮ ಅಡುಗೆಮನೆಗೆ ಬಂದರು. ಕೈಯಲ್ಲಿ ಹಲಸಿನ ಹಪ್ಪಳದ ಪೊಟ್ಟಣ.

"ಪಾರ್ಕಿನ ಮರದ ಸುತ್ತ ದಾರಿ ಬಿದ್ದಿದೆಯಲ್ಲ, ಅದು ಯಾರು ನಡೆಯುದು?"

"ನಾನೇ ಆಂಟಿ" ಅಂದಳು ವೀಣಾ. "ಪ್ರದಕ್ಷಿಣೆ. ಅತ್ತೆ ಹೇಳಿದ್ರು."

"ಒಳ್ಳೇದಾಯ್ತು. ಯಾವ ಕೈ ಮರದ ಕಡೆ?"

"ಬಲಗೈ."

"ಅಯ್ಯೋ, ಉಲ್ಟಾ ಆಯ್ತಲ್ಲ ಮಗಾ!" ಆಂಟಿ ಮೇಷ್ಟ್ರ ಉತ್ಸಾಹದಲ್ಲಿ ಹಪ್ಪಳದ ಪೊಟ್ಟಣವನ್ನೇ ಮರ ಮಾಡಿ ಮೇಜಿನ ಮಧ್ಯೆ ಇಟ್ಟರು. "ಸೂರ್ಯನ ಜೊತೆಯಲ್ಲೇ ಸುತ್ತಬೇಕು, ಮೇಟ್ರನ್‌ದು ಮೊದಲ ಪಾಠವೇ ಅದು. ಮೈಸೂರಲ್ಲಿ, ಐರ್ಲೆಂಡಲ್ಲಿ ಸೂರ್ಯ ದಕ್ಷಿಣದಲ್ಲಿ ಹೋಗ್ತಾನೆ, ಅಲ್ಲಿ ಬಲಗೈ ಸರಿ. ಇಲ್ಲಿ ಅವ ಉತ್ತರದಲ್ಲಿ ಹೋಗುದು. ಎಡಗೈ ಮರದ ಕಡೆ ಬರ್ಬೇಕು. ಸೂರ್ಯನಿಗೆ ಎದುರು ಸುತ್ತಿದ್ರೆ ಕಟ್ಟಿದ್ದು ಬಿಚ್ಚಿ ಹೋಗ್ತದೆ ಅಂತ ಹೇಳುದು."

ವೀಣಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಆಂಟಿಗೆ ನಡೆದದ್ದನ್ನು ಹೇಳಿದೆ. ಎರಡೇ ವಾಕ್ಯದಲ್ಲಿ ಮುಗಿಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಂಟಿ ಎದ್ದರು. ಅವರು ಯಾವತ್ತೂ ತೆರೆದಿಟ್ಟೇ ಹೋಗುತ್ತಿದ್ದ ಪಕ್ಕದ ಗೇಟನ್ನು ಅವತ್ತು ಹಾಕಿಕೊಂಡು ಹೋದ ಸದ್ದು ಕೇಳಿಸಿತು.

ಆ ಸಂಜೆ ವೀಣಾ ಅಂದದ್ದು ಒಂದೇ ಮಾತು: "ಐದು ತಿಂಗಳು ದಿನಾ ಹೋಗಿ ನಾನೇ ಬಿಚ್ಚಿದೆ."

ನಾನು ತಿಳಿದವನು. ಡಾಕ್ಟರ ರಿಪೋರ್ಟನ್ನು ಪ್ರಿಂಟ್ ತೆಗೆದು, ಕ್ರೋಮೋಸೋಮ್ ಎಂದಿದ್ದ ಕಡೆ ಹಳದಿ ಗೆರೆ ಎಳೆದು ಅವಳ ಮುಂದಿಟ್ಟೆ. ಓದಿದಳು. "ಸರಿ" ಅಂದಳು. ಅಂಥ ರಿಪೋರ್ಟುಗಳನ್ನು ದಿನಾ ತಯಾರಿಸುವ ಹೆಂಗಸು. ಅರ್ಥವಾಗದೆ ಇರಲಿಲ್ಲ. ನಂಬಿಕೆ ಬರಲಿಲ್ಲ, ಅಷ್ಟೇ. ಮೂರು ವಾರ ಅವಳು ಸರಿಯಾಗಿ ಊಟ ಮಾಡಲಿಲ್ಲ. ಒಂದು ದಿನ ಊರಿಗೆ ಟಿಕೆಟ್ ನೋಡುತ್ತಿದ್ದಳು, ಒಬ್ಬಳಿಗೆ ಮಾತ್ರ, ಹೋಗುವುದಕ್ಕೆ ಮಾತ್ರ. ನಾನು ಹಿಂದೆ ನಿಂತು ನೋಡಿದೆ. ಏನೂ ಕೇಳಲಿಲ್ಲ. ಕೇಳಿದ್ದರೆ ಅವಳು ಉತ್ತರ ಕೊಟ್ಟುಬಿಡುತ್ತಾಳೆಂದು ಹೆದರಿಕೆಯಾಗಿತ್ತು.

ಮೂರು ವಾರದ ಮೇಲೆ, ಒಂದು ಶನಿವಾರ ಬೆಳಿಗ್ಗೆ, ಮುಂಬಾಗಿಲನ್ನು ಯಾರೋ ತಟ್ಟಿದರು. ಮೂರು ಸಲ. ಬೆರಳ ಗೆಣ್ಣಿನಿಂದ.

ನಾನು ಏಳುವಷ್ಟರಲ್ಲಿ ಹೊರಗಿನಿಂದ ದನಿ ಬಂತು. ಆಂಟಿ ತಮ್ಮ ಪೂರ್ತಿ ಹೆಸರು ಹೇಳಿದರು. ತಂದೆಯ ಹೆಸರು, ಗಂಡನ ಹೆಸರು, ಊರು ಎಲ್ಲ ಸೇರಿಸಿ. ಆ ಹೆಸರನ್ನು ನಾವು ಕೇಳಿದ್ದು ಅದೇ ಮೊದಲು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಬಾಗಿಲಿಗೆ ಹೇಳಿದ್ದು. ಆಮೇಲೆ, "ಪಕ್ಕದ ಮನೆಯವಳು. ಗೊತ್ತಿಲ್ಲದೆ ಒಂದು ಮಾತು ಹೇಳಿ ತಪ್ಪು ಮಾಡಿದ್ದೇನೆ. ಒಳಗೆ ಬರ್ಬಹುದಾ?" ಅಂದರು. ಕಿಟಕಿಯಿಂದ ನೋಡಿದೆ. ವಾಚು ನೋಡಿಕೊಂಡು ನಿಂತಿದ್ದರು.

ವೀಣಾ ರೂಮಿನಿಂದ ಬಂದು ಬಾಗಿಲ ಹತ್ತಿರ ನಿಂತಳು. ಚಿಲಕದ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. ನಿಮಿಷ ಎಷ್ಟು ಉದ್ದವೆಂದು ನನಗೆ ಗೊತ್ತಾದದ್ದು ಅವತ್ತು. ಆಂಟಿ ವಾಚನ್ನು ಕೈಬಿಟ್ಟು ಹಿಂದಿರುಗಲು ಅಣಿಯಾಗುತ್ತಿದ್ದಾಗ ಅವಳು ತೆಗೆದಳು.

ಆಂಟಿ ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು ಹೇಳಿದರು. "ಮೂವತ್ತು ವರ್ಷ ಹೆರಿಗೆ ವಾರ್ಡಲ್ಲಿದ್ದೆ ಮಗಾ. ಹೋದ ಮಕ್ಕಳನ್ನು ಈ ಕೈಯಲ್ಲಿ ಒರೆಸಿ ಬಟ್ಟೆ ಸುತ್ತಿದ್ದೇನೆ. ಅಮ್ಮ ಯಾವ ಕಡೆಯಿಂದ ನಡೆದಳು ಅಂತ ಒಂದು ಮಗುವೂ ಹೋಗಲಿಲ್ಲ. ಮೇಟ್ರನ್ ಈ ದೇಶ ಕಣ್ಣಲ್ಲಿ ನೋಡಿದವಳಲ್ಲ. ಎಡಗೈ ಲೆಕ್ಕ ನಾನೇ ಮಾಡಿದ್ದು, ಬುದ್ಧಿವಂತಿಕೆ ತೋರಿಸ್ಲಿಕ್ಕೆ."

ನನ್ನ ಹಳದಿ ಗೆರೆಯ ಕಾಗದದಲ್ಲಿ ಇದ್ದದ್ದೂ ಇದೇ. ಶಂಖದಿಂದ ಬಂದರೇ ತೀರ್ಥ. ವೀಣಾ ಬಾಗಿಲ ಚೌಕಟ್ಟು ಹಿಡಿದು ಅತ್ತಳು. ಆಂಟಿ ಅವಳನ್ನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಮುಗಿಯುವವರೆಗೆ ನಿಂತಿದ್ದು, "ಶೂ ಹಾಕಿ, ಇಬ್ಬರೂ" ಅಂದರು.

ಪಾರ್ಕಿನಲ್ಲಿ ನಮ್ಮನ್ನು ಮರದ ಮುಂದೆ ನಿಲ್ಲಿಸಿ ಅವರೇ ತಟ್ಟಿ ಅಪ್ಪಣೆ ಪಡೆದರು. ಆಮೇಲೆ ಡ್ಯೂಟಿ ಹಂಚಿದರು. "ಅವಳು ಅತ್ತೆ ಹೇಳಿದ ಹಾಗೆ ಬಲಗೈಯಲ್ಲಿ. ನೀನು ಸೂರ್ಯನ ಜೊತೆ ಎಡಗೈಯಲ್ಲಿ. ಮರಕ್ಕೆ ಎರಡೂ ಸರಿ. ಹೋಗಿ."

ಎಡಸುತ್ತು ನಮ್ಮಲ್ಲಿ ಸತ್ತವರ ಕೆಲಸಕ್ಕೆ ಮಾತ್ರ. ಅಪ್ಪನಿಗೆ ಮಾಡುವಾಗ ಸುತ್ತಿದ್ದೆ. ಅದನ್ನು ಆಂಟಿಗೆ ಹೇಳಬೇಕೆಂದು ಬಾಯಿ ತೆರೆದೆ. ಹೇಳಲಿಲ್ಲ. ಫಾರಂಗೆ ಸಹಿ ಮಾಡಿದ್ದು ಬಿಟ್ಟರೆ ಆ ಮಗುವಿಗೆ ನಾನು ಏನೂ ಮಾಡಿರಲಿಲ್ಲ ಎಂಬುದು ನೆನಪಾಯಿತು. ಎಡಗೈಯನ್ನು ಮರದ ಕಡೆ ಇಟ್ಟುಕೊಂಡು ಹೊರಟೆ. ಅಮ್ಮನಿಗೆ ಇದು ಇವತ್ತಿಗೂ ಗೊತ್ತಿಲ್ಲ.

ಆ ಮರದ ಬುಡ ನಮ್ಮ ಹಾಲ್‌ನಷ್ಟು ಅಗಲ. ಎರಡು ಹೆಜ್ಜೆ ಹೋದರೆ ಆಚೆಯವರು ಕಾಣುವುದಿಲ್ಲ. ವಿರುದ್ಧ ದಿಕ್ಕಿನಲ್ಲಿ ಒಂದೇ ವೇಗದಲ್ಲಿ ನಡೆಯುವ ಇಬ್ಬರು ಸುತ್ತಿಗೆ ಎರಡು ಸಲ ಎದುರಾಗಬೇಕು ಎನ್ನುವುದು ಏಳನೇ ಕ್ಲಾಸಿನ ಗಣಿತ. ಎಂಜಿನಿಯರ್ ಆದ ನನಗೆ ಅದು ಹೊಳೆದದ್ದು ಮರದ ಹಿಂದೆ ವೀಣಾಳ ಮುಖ ಧುತ್ತೆಂದು ಎದುರಿಗೆ ಬಂದಾಗ. ದಾರಿ ಒಬ್ಬರು ನಡೆಯುವಷ್ಟೇ ಅಗಲ. ಇಬ್ಬರೂ ನಿಂತೆವು.

"ಎಡಕ್ಕೆ ಹೋಗ್ರಿ" ಅಂದಳು. ಮೂರು ವಾರದಲ್ಲಿ ಬಿನ್ ಬಿಟ್ಟು ಬೇರೆ ವಿಷಯಕ್ಕೆ ಆಡಿದ ಮೊದಲ ಮಾತು.

ಎಡಕ್ಕೆ ಸರಿದೆ, ಬೇರಿಗೆ ಎಡವಿದೆ. ಅವಳು ಹುಲ್ಲಿನ ಮೇಲಿಂದ ದಾಟಿ ಹೋದಳು. ಅರ್ಧ ಸುತ್ತಿಗೆ ಮತ್ತೆ ಎದುರು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು, ಕೆನ್ನೆ ಇಳಿದಿತ್ತು. ಒಂದೇ ಮನೆಯಲ್ಲಿದ್ದು ನಾನು ನೋಡಿರಲಿಲ್ಲ. ಮೂರನೇ ಸುತ್ತಿಗೆ, "ಗಡ್ಡ ಬಿಟ್ಟಿದೀರಾ?" ಅಂದಳು. "ಒಂದು ತಿಂಗಳಾಯ್ತು" ಅಂದೆ. ಆರನೇ ಸುತ್ತಿಗೆ ಅವಳು ದಾಟಿ ಹೋಗಲಿಲ್ಲ. ನಾನೂ ಹೋಗಲಿಲ್ಲ. ಮರದ ಹಿಂದೆ, ಆಂಟಿಗೆ ಕಾಣದ ಕಡೆ, ನನ್ನ ಎದೆಗೆ ಹಣೆಯೊತ್ತಿ ನಿಂತಳು. ನಾನೂ ಅತ್ತೆ. ಮಗು ಹೋದ ಮೇಲೆ ನಾನು ಅತ್ತದ್ದು ಅದೇ ಮೊದಲು.

ಈ ಕಡೆಯಿಂದ ಆಂಟಿಯ ದನಿ ಬಂತು: "ಇನ್ನೂ ಹದಿನೈದು ಉಂಟು."

ಮಕ್ಕಳಾಗಲಿಲ್ಲ. ಕೊನೆಯಲ್ಲಿ ತೊಟ್ಟಿಲು ಬರುತ್ತದೆಂದು ಕಾಯುವವರಿಗೆ ಈಗಲೇ ಹೇಳಿಬಿಡುತ್ತೇನೆ. ಟಿಕೆಟ್ ನೋಡುವುದು ನಿಂತಿತು. ಎರಡು ವರ್ಷದ ಮೇಲೆ ನನ್ನ ಕೆಲಸ ಬ್ರಿಸ್ಬೇನ್‌ಗೆ ಹೋಯಿತು, ನಾವೂ ಹೋದೆವು. ಅಲ್ಲಿ ಪಾರ್ಕಿಗೊಂದು ಫಿಗ್ ಮರ. ಎದುರಾಬದುರಾ ಸುತ್ತುವ ವಿಡಿಯೋ ತೆಗೆದು ಕಳಿಸಿದೆವು. ಆಂಟಿಯ ವಾಯ್ಸ್ ಮೆಸೇಜ್ ಬಂತು: "ಮರ ಒಳ್ಳೇದುಂಟು, ಕನ್ಸಲ್ಟೆಂಟ್ ಲೆವೆಲ್. ನೀನು ಸ್ವಲ್ಪ ಹೊಟ್ಟೆ ಇಳಿಸು." ಬ್ರಿಸ್ಬೇನ್‌ನಿಂದ ಅಡಿಲೇಡ್. ವೀಣಾಗೆ ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಹೊಸ ಜಾಗದ ಮರಗಳ ಪಟ್ಟಿಯನ್ನು ಆಂಟಿ ಕೇಳುತ್ತಲೇ ಇದ್ದರು, ನಾವು ಕಳಿಸುತ್ತಲೇ ಇದ್ದೆವು. ಕೊನೆಕೊನೆಗೆ ಅವರ ಉತ್ತರ ಚಿಕ್ಕದಾಯಿತು. ಮಂಡಿ ನೋವು, ಮರಗಳೇ ಬರುವುದಿದ್ದರೆ ಬರಲಿ ಎಂದಿದ್ದರು.

ಶುಕ್ರವಾರ ರಜೆ ಸಿಗಲಿಲ್ಲ, ಬರಲಾಗುವುದಿಲ್ಲ ಎಂದು ಅವರ ಮಗನಿಗೆ ಬರೆದದ್ದು ಸುಳ್ಳು. ಪೆಟ್ಟಿಗೆಯಲ್ಲಿ ಆಂಟಿಯನ್ನು ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಮಗ ಕಳಿಸಿದ ಲಿಂಕಿನಲ್ಲಿ ಪೂಜೆ ನೋಡಿದೆವು. ಹೂವಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಗಡ್ಡದ ಮನುಷ್ಯನೊಬ್ಬ ಕೂತಿದ್ದ.

ಸಂಜೆ ವೀಣಾ ಕುಚ್ಚಲಕ್ಕಿ ಗಂಜಿ ಬೇಯಿಸಿ ತಿಳಿಯನ್ನು ಹಾಲಿನ ಕ್ಯಾನಿಗೆ ಬಸಿದಳು. ಮಾಸನ್ ಲೇಕ್ಸ್‌ನಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಹಳೆಯ ರಿವರ್ ರೆಡ್ ಗಮ್ ಮರವಿದೆ. ವೀಣಾ ಮುಂದೆ ಹೋಗಿ ಮೂರು ಸಲ ತಟ್ಟಿದಳು. ತನ್ನ ಹೆಸರು ಹೇಳುತ್ತಾಳೆಂದುಕೊಂಡೆ. ಆಂಟಿಯ ಹೆಸರು ಹೇಳಿದಳು. ತಂದೆಯ ಹೆಸರು, ಗಂಡನ ಹೆಸರು, ಊರು, ಒಂದೂ ಬಿಡದೆ. ಆ ಒಂದು ದಿನ ಕೇಳಿದ್ದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದಳು.

"ಅವರಿಗೆ ಬರಕ್ಕಾಗಲ್ಲ" ಅಂದಳು ಮರಕ್ಕೆ. "ಅವರ ಡ್ಯೂಟಿಗೆ ನಾವು ಬಂದಿದೀವಿ. ಬರ್ಬಹುದಾ?"

ಗಂಜಿಯ ತಿಳಿಯನ್ನು ಬುಡಕ್ಕೆ ಸುರಿದಳು. ಸುತ್ತು ಹಾಕಿದೆವು, ಅವಳು ಬಲಗೈಯಲ್ಲಿ, ನಾನು ಎಡಗೈಯಲ್ಲಿ. ಪ್ರತಿ ಸಲ ಎದುರಾದಾಗ ನಾನು ಎಡಕ್ಕೆ ಸರಿದೆ. ಇಪ್ಪತ್ತೊಂದು ಮುಗಿದ ಮೇಲೆ ನಿಂತು, ಕೇಳಿದಾಗ ಕಾಯದೆ ಬಿಟ್ಟ ಒಂದು ನಿಮಿಷಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟೆ.

ನಿಮಿಷ ಮುಗಿದು ಮೊಬೈಲ್ ಕೂಗಿತು. ಅದನ್ನು ಆರಿಸಿ ಜೇಬಿಗೆ ಹಾಕಿಕೊಂಡೆ. ಇಬ್ಬರಿಗೂ ಹೋಗಬೇಕು ಅನ್ನಿಸಲಿಲ್ಲ.